ಆತ್ಮರಕ್ಷಣೆಗಾಗಿ ಸಣ್ಣ ಆಯುಧದ ಆಯ್ಕೆ: ರಿವಾಲ್ವರ್ ಮತ್ತು ಪಿಸ್ತೂಲು ಪರವಾನಗಿ ಕೋರುವ ಅರ್ಜಿದಾರರಿಗೆ ಮಾಹಿತಿ

ಆಯುಧಗಳ ಅಧಿನಿಯಮ, 1959 ಹಾಗೂ ಆಯುಧ ನಿಯಮಗಳು, 2016ರ ಅಡಿಯಲ್ಲಿ ಆತ್ಮರಕ್ಷಣೆಗಾಗಿ ಪರವಾನಗಿ ಕೋರುವ ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೆಂದರೆ, ಪ್ರತಿದಿನ ಮೈಮೇಲೆ ಧರಿಸಿ ಓಡಾಡಲು ರಿವಾಲ್ವರ್ ಸೂಕ್ತವೋ ಪಿಸ್ತೂಲು ಸೂಕ್ತವೋ ಎಂಬುದು. ಪರವಾನಗಿಯಲ್ಲಿ ಆಯುಧದ ವರ್ಗ ಮತ್ತು ಬೋರ್ ನಮೂದಾಗುವುದರಿಂದಲೂ, ಖರೀದಿಯ ನಂತರ ಆಯುಧವನ್ನು ಬದಲಾಯಿಸಲು ಪ್ರತ್ಯೇಕ ಅನುಮತಿ ಪಡೆಯಬೇಕಾಗಿರುವುದರಿಂದಲೂ ಅರ್ಜಿ ಸಲ್ಲಿಸುವ ಮೊದಲೇ ಈ ವಿಷಯವನ್ನು ವಿಚಾರ ಮಾಡುವುದು ಒಳಿತು. ಆಯುಧವು ಎಷ್ಟು ಚಿಕ್ಕದು, ಎಷ್ಟು ಹಗುರ ಎಂಬುದಕ್ಕಿಂತ ಅದನ್ನು ಖಾಲಿ ಮಾಡುವುದು, ಧರಿಸುವುದು ಮತ್ತು ಮನೆಯಲ್ಲಿ ಭದ್ರವಾಗಿಡುವುದು ಅರ್ಜಿದಾರರಿಗೆ ಎಷ್ಟು ಸುಲಭ ಎಂಬುದೇ ಮುಖ್ಯವಾದ ಅಂಶವಾಗಿದೆ.

ಯಾವ ಬೋರ್‌ಗೆ ಅವಕಾಶವಿದೆ

ವಿದೇಶಿ ನಿಯತಕಾಲಿಕೆಗಳಲ್ಲಿಯೂ ಅಂತರ್ಜಾಲದಲ್ಲಿಯೂ ಗ್ಲಾಕ್, ಸಿಗ್ ಸಾವರ್ ಮೊದಲಾದ ಸಂಸ್ಥೆಗಳ ಚಿಕ್ಕ ಗಾತ್ರದ 9 ಮಿ.ಮೀ. ಪಿಸ್ತೂಲುಗಳ ಬಗ್ಗೆ ಬರುವ ವಿವರಗಳನ್ನು ಓದಿ ಅಂತಹುದೇ ಆಯುಧಕ್ಕೆ ಅರ್ಜಿ ಸಲ್ಲಿಸಲು ಬರುವವರಿದ್ದಾರೆ. ಆ ಬರಹಗಳು ಅಮೆರಿಕದ ಕಾನೂನಿಗೆ ಹೊಂದಿಕೊಂಡವು. ನಮ್ಮ ದೇಶದಲ್ಲಿ 9 ಮಿ.ಮೀ. ನಿಷೇಧಿತ ಬೋರ್ ಆಗಿದ್ದು, ಅದಕ್ಕೆ ಪರವಾನಗಿ ನೀಡುವ ಅಧಿಕಾರ ಜಿಲ್ಲಾ ಮಟ್ಟದಲ್ಲಿ ಇರುವುದಿಲ್ಲ. ಅಂತಹ ಪ್ರಕರಣಗಳು ಕೇಂದ್ರ ಗೃಹ ಮಂತ್ರಾಲಯಕ್ಕೆ ಸಂಬಂಧಿಸಿದವು. ಇದಲ್ಲದೆ 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರು ಹೊರದೇಶಗಳಿಂದ ಪಿಸ್ತೂಲು, ರಿವಾಲ್ವರ್‌ಗಳನ್ನು ಆಮದು ಮಾಡಿಕೊಳ್ಳಲು ಅವಕಾಶವಿಲ್ಲ. ಈಗ ಮಾರಾಟಕ್ಕೆ ಬರುವ ವಿದೇಶಿ ಆಯುಧಗಳು ಬಹುತೇಕ ಅದಕ್ಕೂ ಹಿಂದೆ ಬಂದು ಕೈಯಿಂದ ಕೈಗೆ ವರ್ಗಾವಣೆಯಾದವು. ಅವುಗಳಿಗೆ ಕೇಳುವ ಬೆಲೆ ಆಯುಧದ ಗುಣಕ್ಕಿಂತ ಅದರ ಮೇಲಿನ ಹೆಸರಿಗೆ ಸಲ್ಲುವುದೇ ಹೆಚ್ಚು.

ಆದ್ದರಿಂದ ಸಾಮಾನ್ಯ ಅರ್ಜಿದಾರರ ಮುಂದೆ ಇರುವ ಆಯ್ಕೆ ವಾಸ್ತವದಲ್ಲಿ ಚಿಕ್ಕದು: .32 ಬೋರ್ ರಿವಾಲ್ವರ್, .32 ಬೋರ್ ಪಿಸ್ತೂಲು, ಹಾಗೂ .22 ಬೋರ್ ರಿವಾಲ್ವರ್. ಸರ್ಕಾರಿ ಆಯುಧ ಕಾರ್ಖಾನೆಗಳು 2021ರ ಅಕ್ಟೋಬರ್‌ನಲ್ಲಿ ಏಳು ಸಾರ್ವಜನಿಕ ಉದ್ಯಮಗಳಾಗಿ ಪುನರ್‌ರಚನೆಗೊಂಡ ನಂತರ ಈ ಆಯುಧಗಳನ್ನು ತಯಾರಿಸುವ ಕಾರ್ಖಾನೆಗಳು ಕಾನ್ಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಸಂಸ್ಥೆಯ ಅಧೀನದಲ್ಲಿವೆ. ಉತ್ತರ ಪ್ರದೇಶದಲ್ಲಿ ಖಾಸಗಿ ವಲಯದಲ್ಲಿಯೂ .32 ರಿವಾಲ್ವರ್ ತಯಾರಾಗುತ್ತಿದೆ.

ಒಂದೇ ಸಂಖ್ಯೆ, ಎರಡು ಬೇರೆ ತೋಟಾಗಳು

ಈ ಅಂಶವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. .32 ರಿವಾಲ್ವರ್‌ಗೂ .32 ಪಿಸ್ತೂಲಿಗೂ ಬೋರ್ ಸಂಖ್ಯೆ ಒಂದೇ ಆಗಿದ್ದರೂ ತೋಟಾಗಳು ಒಂದೇ ಅಲ್ಲ. ರಿವಾಲ್ವರ್‌ನ ತೋಟಾ ಉದ್ದವಾಗಿದ್ದು (7.65 x 23 ಮಿ.ಮೀ.), ಹಿಂಭಾಗದಲ್ಲಿ ಸ್ಪಷ್ಟವಾದ ಅಂಚನ್ನು ಹೊಂದಿರುತ್ತದೆ. ಪಿಸ್ತೂಲಿನ ತೋಟಾ ಗಿಡ್ಡವಾಗಿದ್ದು (7.65 x 17 ಮಿ.ಮೀ.), ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕೂರುವಂತೆ ಅದರ ಅಂಚು ಅತಿ ಸಣ್ಣದಾಗಿರುತ್ತದೆ. ಒಳಗೆ ಹೊಕ್ಕಂತೆ ತೋರಿದರೂ ಒಂದರ ತೋಟಾವನ್ನು ಇನ್ನೊಂದರಲ್ಲಿ ಬಳಸತಕ್ಕದ್ದಲ್ಲ. ತೋಟಾ ಖರೀದಿಸುವಾಗ ಡಬ್ಬಿಯ ಮೇಲಿನ ".32" ಎಂಬ ಅಂಕಿಯನ್ನಷ್ಟೇ ನೋಡದೆ ಅದು ರಿವಾಲ್ವರ್‌ನದೋ ಪಿಸ್ತೂಲಿನದೋ ಎಂದು ವರ್ತಕರಿಂದ ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ಈಗಾಗಲೇ ಹಿರಿಯರ ಹೆಸರಿನಲ್ಲಿ ರಿವಾಲ್ವರ್ ಇದ್ದು ತಾವು ಪಿಸ್ತೂಲು ಕೋರುತ್ತಿದ್ದರೆ, ಎರಡು ಬಗೆಯ ತೋಟಾಗಳು ಒಂದೇ ಬೀರುವಿನಲ್ಲಿ ಬೆರೆಯದಂತೆ ವ್ಯವಸ್ಥೆ ಮಾಡಿಕೊಳ್ಳುವುದು ಅವಶ್ಯ.

ರಿವಾಲ್ವರ್ ಮತ್ತು ಪಿಸ್ತೂಲು: ಬಳಕೆಯಲ್ಲಿನ ವ್ಯತ್ಯಾಸ

ರಿವಾಲ್ವರ್‌ನಲ್ಲಿ ಸಾಮಾನ್ಯವಾಗಿ ಆರು ತೋಟಾಗಳನ್ನು ಹಿಡಿಯುವ, ತಿರುಗುವ ಸಿಲಿಂಡರ್ ಇರುತ್ತದೆ. ಸಿಲಿಂಡರನ್ನು ತೆರೆದ ಕೂಡಲೇ ಎಲ್ಲ ತೋಟಾಗಳೂ ಕಣ್ಣಿಗೆ ಕಾಣುತ್ತವೆ. ಆಯುಧ ತುಂಬಿದೆಯೋ ಖಾಲಿಯಿದೆಯೋ ಎಂಬ ಬಗ್ಗೆ ಸಂದೇಹಕ್ಕೆ ಎಡೆಯಿರುವುದಿಲ್ಲ. ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದಾಗ ಮುಂದಿನ ತೋಟಾ ಬರುತ್ತದೆ. ಹ್ಯಾಮರ್ ಎತ್ತದೆ ನೇರವಾಗಿ ಎಳೆದಾಗ ಟ್ರಿಗರ್ ಉದ್ದವೂ ಬಿಗಿಯೂ ಆಗಿರುತ್ತದೆ. ಅಭ್ಯಾಸವಿಲ್ಲದವರಿಗೆ ಇದು ಗುರಿ ತಪ್ಪಿಸುವ ಕೊರತೆಯಾದರೂ, ದಿನವಿಡೀ ಸೊಂಟದಲ್ಲಿ ಧರಿಸುವವರಿಗೆ ಅದೇ ಒಂದು ರಕ್ಷಣೆ.

ಪಿಸ್ತೂಲು ಚಪ್ಪಟೆಯಾಗಿರುವುದರಿಂದ ಬಟ್ಟೆಯ ಒಳಗೆ ಎದ್ದು ಕಾಣುವುದಿಲ್ಲ. ಕೊಲ್ಕತ್ತಾದ ಕಾಸಿಪುರ ಕಾರ್ಖಾನೆಯ 'ಅಶನಿ' ಈ ವರ್ಗದ ದೇಶೀಯ ಪಿಸ್ತೂಲು. ಆದರೆ ಪಿಸ್ತೂಲಿನ ವಿಷಯದಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮ್ಯಾಗಜೀನನ್ನು ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ನಳಿಗೆಯ ಹಿಂಭಾಗದ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು, ಅದು ಹೊರಗಿನಿಂದ ಕಾಣುವುದಿಲ್ಲ. "ಖಾಲಿ ಇದೆ" ಎಂದು ಭಾವಿಸಿ ಒರೆಸುವಾಗ, ಸ್ನೇಹಿತರಿಗೆ ತೋರಿಸುವಾಗ, ಠಾಣೆಯಲ್ಲಿ ಠೇವಣಿ ಇಡುವಾಗ ಗುಂಡು ಹಾರುವುದು ಹೀಗೆಯೇ. ಮೊದಲು ಮ್ಯಾಗಜೀನ್ ತೆಗೆದು, ಆ ನಂತರ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು, ಕೋಣೆಯನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಪರೀಕ್ಷಿಸಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ, ಅಂದರೆ ಮ್ಯಾಗಜೀನ್ ಇರುವಾಗಲೇ ಸ್ಲೈಡನ್ನು ಎಳೆದು ಬಿಟ್ಟರೆ, ಹೊಸ ತೋಟಾ ಕೋಣೆಯನ್ನು ಸೇರಿರುತ್ತದೆ. ಇದನ್ನು ನಿತ್ಯವೂ ತಪ್ಪದೆ ಪಾಲಿಸಬಲ್ಲೆವೆಂಬ ಭರವಸೆ ಇಲ್ಲದವರು, ಹಾಗೂ ಸ್ಲೈಡನ್ನು ಎಳೆಯುವಷ್ಟು ಬೆರಳಿನ ಬಲವಿಲ್ಲದ ಹಿರಿಯ ನಾಗರಿಕರು, ರಿವಾಲ್ವರನ್ನು ಆಯ್ದುಕೊಳ್ಳುವುದೇ ಸೂಕ್ತ.

ಹಳೆಯ ಆಯುಧಗಳನ್ನು ಖರೀದಿಸುವವರು ಇನ್ನೊಂದು ಅಂಶವನ್ನು ವಿಚಾರಿಸಿಕೊಳ್ಳಬೇಕು. ಹಿಂದಿನ ಕಾಲದ ಅನೇಕ ರಿವಾಲ್ವರ್‌ಗಳಲ್ಲಿ, ಆಯುಧವು ಕೆಳಗೆ ಬಿದ್ದು ಹ್ಯಾಮರ್‌ಗೆ ಪೆಟ್ಟು ತಗುಲಿದರೆ ಗುಂಡು ಹಾರದಂತೆ ತಡೆಯುವ ಅಡ್ಡತಡೆ ಇರುವುದಿಲ್ಲ. ಅಂತಹವುಗಳನ್ನು ಹ್ಯಾಮರ್‌ನ ಎದುರಿನ ಕೋಣೆಯನ್ನು ಖಾಲಿ ಬಿಟ್ಟು ಧರಿಸುವುದು ರೂಢಿ.

ಹಗುರವಾದ ಆಯುಧಗಳ ಬಗ್ಗೆ

2014ರಲ್ಲಿ ಕಾನ್ಪುರದಲ್ಲಿ ತಯಾರಾದ 'ನಿರ್ಭೀಕ್' .32 ರಿವಾಲ್ವರ್, ಟೈಟಾನಿಯಂ ಮಿಶ್ರಲೋಹದ್ದಾಗಿದ್ದು ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ಮಹಿಳೆಯರ ಆತ್ಮರಕ್ಷಣೆಗೆ ಎಂದೇ ಅದು ಪ್ರಚಾರ ಪಡೆಯಿತು. ಇಶಾಪುರ ಕಾರ್ಖಾನೆಯ 'ನಿಡರ್' .22 ರಿವಾಲ್ವರ್ ತೂಕ ಸುಮಾರು 250 ಗ್ರಾಂ ಮಾತ್ರ. 2023ರಲ್ಲಿ ಬಂದ 'ಪ್ರಬಲ್' .32 ರಿವಾಲ್ವರ್ ಇವೆರಡಕ್ಕಿಂತ ಭಾರವಾಗಿದ್ದು, ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಳೆಯ ಮಾದರಿಗಳಂತೆ ತೋಟಾ ತುಂಬಲು ಆಯುಧವನ್ನು ನಡುವೆ ಮಡಚಬೇಕಾಗಿಲ್ಲ.

ಕೈಚೀಲದಲ್ಲಿ ಹಿಡಿಯುವ ಹಗುರ ಆಯುಧವೆಂದರೆ ಬಳಸಲು ಸುಲಭ ಎಂಬ ತಿಳುವಳಿಕೆ ಸರಿಯಲ್ಲ. ಒಂದೇ ತೋಟಾವನ್ನು ಹಾರಿಸುವ ಎರಡು ಆಯುಧಗಳಲ್ಲಿ ಹಗುರವಾದದ್ದು ಕೈಯನ್ನು ಹೆಚ್ಚು ಒದೆಯುತ್ತದೆ. ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವಾಗಿನ ಸಣ್ಣ ತಪ್ಪು ದೊಡ್ಡದಾಗುತ್ತದೆ. ಹಿಡಿ ಚಿಕ್ಕದಾದರೆ ಕಿರುಬೆರಳಿಗೆ ಆಸರೆ ಸಿಗುವುದಿಲ್ಲ. ಆಯುಧ ಹಗುರವಾದ ಮಾತ್ರಕ್ಕೆ ಟ್ರಿಗರ್ ಎಳೆಯಲು ಬೇಕಾದ ಬಲವೂ ಕಡಿಮೆಯಾಗುವುದಿಲ್ಲ. .22 ತೋಟಾದ ಒದೆತ ಕಡಿಮೆಯಾದರೂ ಅದರ ಶಕ್ತಿಯೂ ಕಡಿಮೆ. ಆದ್ದರಿಂದ ಮಹಿಳಾ ಅರ್ಜಿದಾರರು ಪ್ರಚಾರವನ್ನು ನೆಚ್ಚದೆ, ಪರವಾನಗಿ ಹೊಂದಿದ ವರ್ತಕರ ಅಂಗಡಿಯಲ್ಲಿ ಎರಡು ಮೂರು ಖಾಲಿ ಆಯುಧಗಳನ್ನು ಕೈಯಲ್ಲಿ ಹಿಡಿದು, ತೆರೆದು ಮುಚ್ಚಿ, ನಂತರ ನಿರ್ಧರಿಸುವುದು ಸೂಕ್ತವಾಗಿದೆ. ತರಬೇತಿಗೆ ರೈಫಲ್ ಸಂಸ್ಥೆಗಳ ಅಧಿಕೃತ ಮೈದಾನಗಳೇ ಸ್ಥಳ. ತೋಟದಲ್ಲಾಗಲಿ ಊರಾಚೆಯ ಬಯಲಿನಲ್ಲಾಗಲಿ ಗುರಿ ಅಭ್ಯಾಸ ಮಾಡತಕ್ಕದ್ದಲ್ಲ.

ಧರಿಸುವ ಕ್ರಮ

ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಹೋಲ್‌ಸ್ಟರ್ ಅಥವಾ ಅದಕ್ಕೆಂದು ಇರುವ ಹೊದಿಕೆಯಲ್ಲಿ, ಪೂರ್ಣವಾಗಿ ಮುಚ್ಚಿದ ಸ್ಥಿತಿಯಲ್ಲಿ, ಧರಿಸಿದವರ ಪರಿಣಾಮಕಾರಿ ಹತೋಟಿಯಲ್ಲಿ ಇರುವಂತೆ ಒಯ್ಯಬೇಕೆಂದು 2016ರ ನಿಯಮಗಳು ವಿಧಿಸುತ್ತವೆ. ಅಂದರೆ ಮರೆಯಾಗಿ ಧರಿಸುವುದು ಪರವಾನಗಿದಾರರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಸೊಂಟದಲ್ಲಿ ಕಾಣುವಂತೆ ಸಿಕ್ಕಿಸಿಕೊಂಡು ಸಭೆ ಸಮಾರಂಭಗಳಿಗೆ ಬರುವುದು ಗೌರವದ ಗುರುತೆಂದು ತಿಳಿದವರು ಇನ್ನೂ ಇದ್ದಾರೆ. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಆಯುಧ ಪ್ರದರ್ಶಿಸಿದರೆ ಪರವಾನಗಿ ರದ್ದಾಗಬಹುದು. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದಲ್ಲಿ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಕಾರಾವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಈ ನಿಯಮದ ದೃಷ್ಟಿಯಿಂದ ಅರ್ಜಿದಾರರು ತಮ್ಮ ಉಡುಪು ಮತ್ತು ಓಡಾಟವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಹೋಲ್‌ಸ್ಟರ್‌ಗೆ ಗಟ್ಟಿಯಾದ ಬೆಲ್ಟ್ ಅಗತ್ಯ. ಪಂಚೆ ಉಡುವವರು ಜುಬ್ಬಾದ ಜೇಬಿನಲ್ಲಿ ಆಯುಧ ಇಟ್ಟುಕೊಳ್ಳುವುದು, ಬಗ್ಗಿದಾಗ ಅದು ಜಾರಿ ಬೀಳುವುದಕ್ಕೆ ದಾರಿ. ದ್ವಿಚಕ್ರ ವಾಹನದ ಡಿಕ್ಕಿಯಲ್ಲಿ ಅಥವಾ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟುಹೋದ ಆಯುಧ ಹತೋಟಿಯಲ್ಲಿರುವ ಆಯುಧವಲ್ಲ. ಕೈಚೀಲದಲ್ಲಿ ಒಯ್ಯುವವರು ಆ ಚೀಲವನ್ನು ಬಸ್ಸಿನ ಮೇಲಿನ ಹಲಗೆಯಲ್ಲಾಗಲಿ ಕಚೇರಿಯ ಕುರ್ಚಿಯಲ್ಲಾಗಲಿ ಬಿಡುವಂತಿಲ್ಲ. ದಿನದ ಹೆಚ್ಚಿನ ವೇಳೆ ಆಯುಧವನ್ನು ಮೈಯಿಂದ ಬೇರ್ಪಡಿಸಬೇಕಾದ ಉದ್ಯೋಗದವರಿಗೆ ಎಷ್ಟು ಚಿಕ್ಕ ಪಿಸ್ತೂಲಾದರೂ ಹೊರೆಯೇ ಸರಿ. ವಿಮಾನದಲ್ಲಿ ಕೈ ಸಾಮಾನಿನೊಂದಿಗೆ ಆಯುಧ ಒಯ್ಯಲು ಅವಕಾಶವಿಲ್ಲ. ಆಯುಧ ಕಳೆದುಹೋದಲ್ಲಿ ಕೂಡಲೇ ಸಮೀಪದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.

ಮೈಯ ಬೆವರು ಮತ್ತು ಕರಾವಳಿ, ಮಲೆನಾಡಿನ ತೇವ ಆಯುಧಕ್ಕೆ ಬೇಗ ತುಕ್ಕು ತರುತ್ತವೆ. ಚರ್ಮದ ಹೋಲ್‌ಸ್ಟರ್ ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ, ಮನೆಗೆ ಬಂದ ಮೇಲೆ ಆಯುಧವನ್ನು ಅದರಲ್ಲೇ ಬಿಡಬಾರದು. ಖಾಲಿ ಮಾಡಿ, ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬೀಗವಿರುವ ಪೆಟ್ಟಿಗೆಯಲ್ಲಿಟ್ಟು, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡುವುದು ಕ್ರಮ. ದಿಂಬಿನ ಕೆಳಗೆ, ಬಟ್ಟೆಗಳ ನಡುವೆ, ದೇವರ ಕೋಣೆಯ ಗೂಡಿನಲ್ಲಿ ಇಟ್ಟ ಆಯುಧ ಮಕ್ಕಳ ಕೈಗೆ ಸಿಗದೆ ಇರುವುದಿಲ್ಲ. ಅರ್ಜಿಯೊಂದಿಗೆ ಸುರಕ್ಷಿತ ಸಂಗ್ರಹಣೆಯ ಬಗ್ಗೆ ಮುಚ್ಚಳಿಕೆ ಪಡೆಯುವುದು ಇದೇ ಕಾರಣಕ್ಕಾಗಿ.

ಅರ್ಜಿ ಮತ್ತು ಖರೀದಿ

ಅರ್ಜಿಯನ್ನು ನಮೂನೆ ಎ-1ರಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ, ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರಿಗೆ ಸಲ್ಲಿಸತಕ್ಕದ್ದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಗುರುತು, ವಯಸ್ಸು ಮತ್ತು ವಾಸಸ್ಥಳದ ದಾಖಲೆಗಳೊಂದಿಗೆ ನಿಗದಿತ ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಅಗತ್ಯ. ಪಿಸ್ತೂಲು ಅಥವಾ ರಿವಾಲ್ವರ್ ಕೋರುವವರು ಸಕಾರಣವನ್ನು ತೋರಿಸಬೇಕಾಗುತ್ತದೆ. ಬೆದರಿಕೆಯ ಬಗ್ಗೆ ಠಾಣೆಗೆ ನೀಡಿದ ದೂರು, ನಗದು ಅಥವಾ ಚಿನ್ನಾಭರಣ ಸಾಗಿಸುವ ವೃತ್ತಿಯ ದಾಖಲೆ ಮೊದಲಾದವುಗಳನ್ನು ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲ. ಪರವಾನಗಿ ನಿರಾಕರಿಸಿದಲ್ಲಿ ಅಧಿನಿಯಮದ 18ನೇ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ಒಬ್ಬರು ಹೊಂದಬಹುದಾದ ಆಯುಧಗಳ ಗರಿಷ್ಠ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಈಗಾಗಲೇ ಎರಡು ಕೋವಿಗಳಿರುವ ಕೃಷಿಕರು ಮೂರನೆಯದಾಗಿ ಪಿಸ್ತೂಲು ಕೋರಿ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ.

ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿದೆ. ವಿನಾಯಿತಿ ಪತ್ರ ಹೊಂದಿದವರು ಅದರಲ್ಲಿ ನಮೂದಾಗಿರುವ ಆಯುಧದ ವಿಧ ಮತ್ತು ಸಂಖ್ಯೆಯನ್ನು ನೋಡಿಕೊಂಡೇ ಖರೀದಿಗೆ ಮುಂದಾಗಬೇಕು.

ಪರವಾನಗಿ ಕೈಸೇರುವ ಮುನ್ನ ಮುಂಗಡ ಹಣ ನೀಡಬೇಡಿ. ತಯಾರಕರ ಹೆಸರು ಮತ್ತು ಕ್ರಮಸಂಖ್ಯೆ ಅಳಿಸಿರುವ ಆಯುಧ ಎಷ್ಟೇ ಅಗ್ಗವಾದರೂ ಅದನ್ನು ಪಡೆಯುವುದು ಅಪರಾಧ. ಬೇರೆ ಪರವಾನಗಿದಾರರಿಂದ ನೇರವಾಗಿ ಕೊಳ್ಳುವಾಗ, ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. ತೋಟಾಗಳ ಸಂಖ್ಯೆ ಪರವಾನಗಿಯಲ್ಲಿ ನಮೂದಾದಷ್ಟೇ. ಚುನಾವಣೆಯ ಸಂದರ್ಭದಲ್ಲಿ ಠೇವಣಿಗೆ ಆದೇಶ ಬಂದಾಗ ಆಯುಧವನ್ನು ಮನೆಯಲ್ಲೇ ಖಾಲಿ ಮಾಡಿ, ಠಾಣೆಗೆ ತಂದು ರಸೀದಿ ಪಡೆಯತಕ್ಕದ್ದು.

ಪರವಾನಗಿಯು ಗುಂಡು ಹಾರಿಸಲು ಅನುಮತಿಯಲ್ಲ. ಖಾಸಗಿ ರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆ, 2023ರ 34ರಿಂದ 44ನೇ ಪ್ರಕರಣಗಳಿಗೆ ಒಳಪಟ್ಟಿದ್ದು, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಲಭ್ಯವಿರುವುದಿಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲೂ ಅವಕಾಶವಿಲ್ಲ. ಆಯುಧದ ವರ್ಗ, ಬೋರ್ ಅಥವಾ ಬದಲಾವಣೆಯ ಬಗ್ಗೆ ಸಂದೇಹವಿದ್ದಲ್ಲಿ ಖರೀದಿಗೆ ಮೊದಲು ತಮ್ಮ ಜಿಲ್ಲಾಧಿಕಾರಿಗಳ ಕಚೇರಿಯ ಅಥವಾ ಪೊಲೀಸ್ ಆಯುಕ್ತರ ಕಚೇರಿಯ ಆಯುಧ ಪರವಾನಗಿ ಶಾಖೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.