ಕಮಲಾಸನ ವಂದಿತ ಮತ್ತು ಕುಣಿಯುವ ಕಾಲು

ಚಾಮರಾಜಪೇಟೆಯಲ್ಲಿ ನಾನು ಹುಡುಗನಾಗಿದ್ದಾಗ ಸಂಗೀತ ಪಾಠಕ್ಕೆ ಹೋಗುತ್ತಿದ್ದೆ. ಸರಳೆ, ಜಂಟಿ, ಅಲಂಕಾರ.. ಎಲ್ಲವೂ ಬೇಸರವೇ. ನಡುವೆ ಟೀಚರ್ ಹೇಳಿಕೊಟ್ಟ "ಕಮಲಾಸನ ವಂದಿತ" ಮಾತ್ರ ಬಲು ಇಷ್ಟ. ಮನೆಗೆ ಬಂದು ಅದನ್ನು ಹಾಡುತ್ತಾ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಕುಪ್ಪಳಿಸುತ್ತಿದ್ದೆ. ಅಡಿಗೆಮನೆಯಿಂದ ಅಜ್ಜಿಯ ಗದರಿಕೆ: "ದೇವರ ಹಾಡಿಗೆ ಹಾಗೆಲ್ಲ ಕುಣೀತಾರೇನೋ, ಕೋತಿ!"

ಎಷ್ಟೋ ವರ್ಷಗಳಾದ ಮೇಲೆ "ಗ್ಯಾಲೊಪೀಡ್" ಎಂಬ ಇಂಗ್ಲಿಷ್ ಜಾನಪದ ಕುಣಿತದ ಮಟ್ಟನ್ನು ಕೇಳಿದೆ. ಕೇಳುತ್ತಿದ್ದಂತೆಯೇ ಕಾಲು ಅಲ್ಲಾಡಿತು. ಅರೆ, ಇದು ನಮ್ಮ ಟೀಚರ್ ಹೇಳಿಕೊಟ್ಟದ್ದಲ್ಲವೇ! ಈ ಕುಣಿತದಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು ಎದುರುಬದುರಾಗಿ ನಿಲ್ಲುತ್ತಾರೆ. ಮುಂದೆ ಬಂದು, ಹಿಂದೆ ಸರಿದು, ಜಾಗ ಅದಲುಬದಲು ಮಾಡುತ್ತಾರೆ. ಆಮೇಲೆ ಮೇಲಿನ ಜೋಡಿ ಸಾಲುಗಳ ನಡುವೆ ಕುದುರೆಯ ಹಾಗೆ ನೆಗೆಯುತ್ತಾ ಕೆಳಗಿನ ತುದಿಗೆ ಹೋಗುತ್ತದೆ.

ಮಟ್ಟು ಇಲ್ಲಿಗೆ ಬಂದ ಬಗೆ ಹೀಗೆ. ಮುತ್ತುಸ್ವಾಮಿ ದೀಕ್ಷಿತರ ಕುಟುಂಬ ಕೆಲಕಾಲ ಮದ್ರಾಸಿನ ಹತ್ತಿರದ ಮಣಲಿಯಲ್ಲಿತ್ತು. ಆಶ್ರಯ ಕೊಟ್ಟ ಮುದಲಿಯಾರ್ ಮನೆತನಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಒಡನಾಟ. ಹಾಗಾಗಿ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ದೀಕ್ಷಿತರ ಕಿವಿಗೆ ಬಿತ್ತು. ಆ ಮಟ್ಟುಗಳಿಗೆ ಅವರು ಸಂಸ್ಕೃತದಲ್ಲಿ ಸಾಹಿತ್ಯ ಕೂಡಿಸಿದರು. ಇಂಥ ಸುಮಾರು 40 ರಚನೆಗಳಿವೆ. ಇಂಗ್ಲಿಷಿನ ನೋಟ್ ತಮಿಳರ ಬಾಯಲ್ಲಿ ನೊಟ್ಟು ಆಯಿತು, ಇವು "ನೊಟ್ಟುಸ್ವರ"ಗಳಾದವು. ಎಲ್ಲವೂ ಶಂಕರಾಭರಣದಲ್ಲೇ, ಏಕೆಂದರೆ ಅದರ ಸ್ವರಗಳೂ ಪಾಶ್ಚಾತ್ಯರ ಮೇಜರ್ ಸ್ಕೇಲಿನ ಸ್ವರಗಳೂ ಒಂದೇ. ಗಮಕವಿಲ್ಲ, ಸ್ವರಗಳು ನೆಟ್ಟಗೆ ನಿಲ್ಲುತ್ತವೆ. ಮಕ್ಕಳ ಬಾಯಿಗೆ ಬೇಗ ಹತ್ತುವುದೂ ಅದಕ್ಕೇ.

"ವಂದೇ ಮೀನಾಕ್ಷಿ" ಐರಿಷ್ ಮಟ್ಟು, "ರೇಕ್ಸ್ ಆಫ್ ಮ್ಯಾಲೋ". "ಶ್ಯಾಮಲೇ ಮೀನಾಕ್ಷಿ" ನಮ್ಮ ಮಕ್ಕಳ "ಟ್ವಿಂಕಲ್ ಟ್ವಿಂಕಲ್". "ಸಂತತಂ ಪಾಹಿಮಾಂ" ಏನು ಗೊತ್ತೇ? "ಗಾಡ್ ಸೇವ್ ದ ಕಿಂಗ್"! ದೊರೆಯನ್ನು ಕಾಯಪ್ಪಾ ಎಂಬ ಮಟ್ಟಿನಲ್ಲಿ ದೀಕ್ಷಿತರು ನನ್ನನ್ನು ಕಾಯಮ್ಮಾ ಎಂದು ದೇವಿಯನ್ನೇ ಬೇಡಿಕೊಂಡರು. ಅದೇ ಕಂಪನಿಯ ಸೈನ್ಯ 1791ರಲ್ಲಿ ನಮ್ಮ ಬೆಂಗಳೂರು ಕೋಟೆಯನ್ನು ಹಿಡಿಯಿತು, 1799ರಲ್ಲಿ ಶ್ರೀರಂಗಪಟ್ಟಣವನ್ನು. ಆ ಕೋಟೆಯ ಪಕ್ಕದಲ್ಲೇ 1892ರಲ್ಲಿ ಚಾಮರಾಜಪೇಟೆ ಎದ್ದದ್ದು.

ಈಗ ಇದನ್ನೆಲ್ಲ ಬರೆಯಲು ಕಾರಣ ನನ್ನ ಅಣ್ಣನ ಮಗಳು. ಅವಳಿಗೆ ಪಾಠ ಹೇಳುವವರು ನೊಟ್ಟುಸ್ವರ ಬಿಟ್ಟುಬಿಟ್ಟಿದ್ದಾರಂತೆ. "ಅದು ಬ್ಯಾಂಡ್ ಸೆಟ್ಟಿನವರದ್ದು, ನಮ್ಮದಲ್ಲ" ಎಂದರಂತೆ. ಅಣ್ಣನೂ "ಸರಿ ಬಿಡೋ, ಮಕ್ಕಳ ಹಾಡು ತಾನೆ" ಅಂದ. ನನಗೆ ತಡೆಯಲಾಗಲಿಲ್ಲ. ಹಾಗಾದರೆ ಪಿಟೀಲನ್ನೂ ಬಿಡಬೇಕಲ್ಲ? ಮದ್ರಾಸಿನಲ್ಲಿ ಯೂರೋಪಿನವರೊಬ್ಬರಿಂದ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ದೀಕ್ಷಿತರ ತಮ್ಮ ಬಾಲುಸ್ವಾಮಿಗಳೇ. ಅದೇ ಪಿಟೀಲಿಗೆ ನಮ್ಮ ಚೌಡಯ್ಯನವರು ಏಳು ತಂತಿ ಬಿಗಿದರು. ಅವರ ನೆನಪಿಗೆ ಮಲ್ಲೇಶ್ವರದ ಕಡೆ 1980ರಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದೆವು. ವಾದ್ಯ ನಮ್ಮದಾಯಿತು, ಜೊತೆಗೆ ಬಂದ ಮಟ್ಟು ಮಾತ್ರ ಪರಕೀಯವೇ?

ಕಳೆದ ಭಾನುವಾರ ಅವಳಿಗೆ ನಾನೇ "ಕಮಲಾಸನ ವಂದಿತ" ಹೇಳಿಕೊಟ್ಟೆ. ನನ್ನ ಶ್ರುತಿ ಅಷ್ಟಕ್ಕಷ್ಟೇ, ಇರಲಿ. ಎರಡನೇ ಸಲಕ್ಕೆ ಅವಳು ಕುಪ್ಪಳಿಸಲು ಶುರು ಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, "ತಪ್ಪು ನನ್ನದಲ್ಲ ಅಜ್ಜಿ, ಮಟ್ಟಿನದ್ದೇ" ಅಂತ.