ದೆವ್ವದ ಹೆಸರಿನ ಲೋಹ: ನಿಮ್ಮ ಫೋನಿನೊಳಗಿನ ಕೋಬಾಲ್ಟ್ ಕಥೆ

ಇದನ್ನ ನೀವು ಫೋನಲ್ಲಿ ಕೇಳ್ತಿದ್ರೆ, ದೆವ್ವದ ಹೆಸರಿರೋ ಲೋಹವೊಂದು ಬಹುಶಃ ನಿಮ್ಮ ಕೈಯಲ್ಲೇ ಇದೆ. ಅದೇ ಕೋಬಾಲ್ಟ್.

ಕಥೆ ಶುರುವಾಗೋದು 16ನೇ ಶತಮಾನದಲ್ಲಿ, ಜರ್ಮನಿಯ ಸ್ಯಾಕ್ಸನಿ ಗಣಿಗಳಲ್ಲಿ. ಬೆಳ್ಳಿ ಹುಡುಕ್ತಿದ್ದ ಕಾರ್ಮಿಕರಿಗೆ ಬೆಳ್ಳಿಯಂತೆ ಹೊಳೆಯೋ ಅದಿರು ಸಿಗ್ತಿತ್ತು. ಕುಲುಮೆಗೆ ಹಾಕಿದ್ರೆ ಬೆಳ್ಳಿ ಬರ್ತಿರಲಿಲ್ಲ, ಬರ್ತಿದ್ದಿದ್ದು ವಿಷದ ಹೊಗೆ. ಜನ ಕಾಯಿಲೆ ಬೀಳ್ತಿದ್ರು. ಇದೆಲ್ಲ ನೆಲದೊಳಗಿನ ‘ಕೋಬೋಲ್ಡ್’ ಅನ್ನೋ ದೆವ್ವದ ಕಾಟ ಅಂತ ಅವರು ನಂಬಿದ್ರು. ಅದಿರಿಗೂ ಅದೇ ಹೆಸರು ಅಂಟಿಕೊಂಡಿತು.

ನಿಜವಾದ ಅಪರಾಧಿ, ಅದಿರಿನಲ್ಲಿ ಕೋಬಾಲ್ಟ್ ಜೊತೆಗಿದ್ದ ಆರ್ಸೆನಿಕ್.

ಇದೇ ಅದಿರಿನಿಂದ ಗಾಜಿಗೆ ಕಡುನೀಲಿ ಬಣ್ಣ ಬರ್ತಿತ್ತು. ಅದು ಬಿಸ್ಮತ್‌ನಿಂದ ಬರುತ್ತೆ ಅಂದುಕೊಂಡಿದ್ರು. 1730ರ ದಶಕದಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಜಾರ್ಜ್ ಬ್ರಾಂಟ್, ಅಲ್ಲ, ಇದು ಬೇರೆಯದೇ ಲೋಹ ಅಂತ ತೋರಿಸಿಕೊಟ್ಟರು.

ಈ ಲೋಹದ ಗುಣಗಳೂ ಸ್ವಾರಸ್ಯಕರ. ಕರಗೋಕೆ 1,495 ಡಿಗ್ರಿ ಸೆಲ್ಸಿಯಸ್ ಬೇಕು. ಕಬ್ಬಿಣ 770 ಡಿಗ್ರಿಗೇ ಕಾಂತಗುಣ ಬಿಟ್ಟುಕೊಟ್ಟರೆ, ಕೋಬಾಲ್ಟ್ 1,100 ಡಿಗ್ರಿ ದಾಟೋವರೆಗೂ ಹಿಡಿದಿಟ್ಟುಕೊಳ್ಳುತ್ತೆ. ಆದ್ರೆ ನಮ್ಮ ಫೋನಿಗೆ ಬೇಕಾಗಿದ್ದು ಇನ್ನೊಂದು ಗುಣ: ಎಲೆಕ್ಟ್ರಾನನ್ನ ಕೊಟ್ಟು ಮತ್ತೆ ವಾಪಸ್ ಪಡೆಯೋದು. ಚಾರ್ಜ್ ಮಾಡುವಾಗ ಕೋಬಾಲ್ಟ್ ಆಕ್ಸೈಡ್ ಪದರಗಳ ನಡುವಿನಿಂದ ಲಿಥಿಯಂ ಹೊರಡುತ್ತೆ, ಕೋಬಾಲ್ಟ್ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ. ಫೋನ್ ಬಳಸುವಾಗ ಎರಡೂ ವಾಪಸ್ ಬರ್ತವೆ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಇದನ್ನ ತೋರಿಸಿದ್ರು. 1991ರಲ್ಲಿ ಸೋನಿ ಆ ಬ್ಯಾಟರಿಯನ್ನ ಮಾರುಕಟ್ಟೆಗೆ ತಂತು. 2019ರಲ್ಲಿ, 97ನೇ ವಯಸ್ಸಿನಲ್ಲಿ, ಗುಡ್‌ಇನಫ್‌ಗೆ ನೊಬೆಲ್ ಬಂತು.

ಇಲ್ಲಿಗೇ ಮುಗಿಸಿದ್ರೆ ಇದು ಬರೀ ಗೆಲುವಿನ ಕಥೆ. ಆದ್ರೆ ಇವತ್ತು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಬರೋದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ದೊಡ್ಡ ಯಂತ್ರಗಳ ಗಣಿಗಳ ಜೊತೆಗೆ, ಜನ ಕೈಯಲ್ಲೇ ಅಗೆಯೋ ಸುರಂಗಗಳೂ ಅಲ್ಲಿವೆ. ಅಂಥ ಕಡೆ ಮಕ್ಕಳೂ ದುಡೀತಿದ್ದಾರೆ ಅಂತ 2016ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿ ಮಾಡಿತು.

ಸ್ಯಾಕ್ಸನಿಯ ಕಾರ್ಮಿಕರಿಗೆ ಕಾರಣ ಗೊತ್ತಿರಲಿಲ್ಲ, ದೆವ್ವದ ಮೇಲೆ ಹಾಕಿದ್ರು. ನಮಗೆ ಆ ನೆಪ ಇಲ್ಲ.

ನನ್ನ ಡ್ರಾಯರ್‌ನಲ್ಲಿ ಎರಡು ಹಳೇ ಫೋನ್ ಸುಮ್ನೆ ಬಿದ್ದಿವೆ. ಬ್ಯಾಟರಿ ಸತ್ತರೂ ಒಳಗಿನ ಕೋಬಾಲ್ಟ್ ಸವೆದುಹೋಗಲ್ಲ, ಅದನ್ನ ಮತ್ತೆ ತೆಗೆದು ಬಳಸಬಹುದು. ಈ ವಾರ ಅವೆರಡನ್ನೂ ಇ-ತ್ಯಾಜ್ಯ ಕೇಂದ್ರಕ್ಕೆ ಕೊಟ್ಟು ಬರ್ತೀನಿ. ನಿಮ್ಮ ಡ್ರಾಯರ್ ಕೂಡ ಒಮ್ಮೆ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.