ಎಡದ್ದಾ, ಬಲದ್ದಾ?

ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಕವಲುದಾರಿಯೇ ಊರಾಗಿ ಬೆಳೆದ ಜಾಗ. ಮಂಗಳೂರಿನಿಂದ ಬಂದವರು ಇಲ್ಲಿಂದ ಒಂದೋ ಮಾಣಿ, ಪುತ್ತೂರಿನ ಕಡೆ ಹೋಗಬೇಕು, ಇಲ್ಲವೇ ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತಬೇಕು. ಹೆಂಗಸರು ಬಿ.ಸಿ.ರೋಡಿಗೆ ಸೀರೆಗೋ ಪಾತ್ರೆಗೋ ಹೋಗುವುದು ವಾಡಿಕೆ. ನಾನು ಹದಿನೈದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಅಲ್ಲಿಗೆ ಒಬ್ಬಳೇ ಹೋದದ್ದು ಜೀಪಿನ ಚಕ್ರದ ನಟ್ಟು ತರಲಿಕ್ಕೆ.

ಅಪ್ಪನಿಗೆ ಜ್ವರ. ತಮ್ಮ ಇನ್ನೂ ಚಿಕ್ಕವನು. ಅಂಗಡಿಯ ಮುಂದೆ ನಿಂತು, "ಜೀಪಿನ ವೀಲ್ ನಟ್ಟು ಐದು" ಎಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಎಡದ್ದಾ, ಬಲದ್ದಾ ತಂಗೀ?" ಎಂದರು. ನಟ್ಟಿಗೂ ಎಡ ಬಲ ಉಂಟೇ! ಹುಡುಗಿಯೆಂದು ಗೇಲಿ ಮಾಡುತ್ತಿದ್ದಾರೆಂದು ಕೆನ್ನೆ ಬಿಸಿಯಾಯಿತು. ಅವರು ನಗಲಿಲ್ಲ. ಎರಡು ನಟ್ಟುಗಳನ್ನು ತೆಗೆದು ಬೋಲ್ಟಿಗೆ ತಿರುಗಿಸಿ ತೋರಿಸಿದರು. ಒಂದು ಬಲಕ್ಕೆ ತಿರುಗಿ ಬಿಗಿಯಾಯಿತು, ಇನ್ನೊಂದು ಎಡಕ್ಕೆ. ಗಾಡಿ ಓಡುವಾಗ ಎಡಗಡೆಯ ಚಕ್ರದ ನಟ್ಟು ತನ್ನಷ್ಟಕ್ಕೆ ಸಡಿಲವಾಗಬಾರದೆಂದು ಅದಕ್ಕೆ ಉಲ್ಟಾ ಥ್ರೆಡ್ಡು ಕೊಟ್ಟಿರುತ್ತಾರಂತೆ. "ಅಮೆರಿಕದವರ ಬುದ್ಧಿ" ಎಂದು ಕಾಗದದಲ್ಲಿ ಕಟ್ಟಿಕೊಟ್ಟರು.

ಹೌದು, ನಮ್ಮ ಜೀಪು ಅಮೆರಿಕದ್ದು, ಅದೂ ಯುದ್ಧದ್ದು. ಮುಖದಲ್ಲಿ ಒಂಬತ್ತು ಸೀಳು, ಸ್ಟೀರಿಂಗು ಎಡಕ್ಕೆ. ಪೆಟ್ರೋಲ್ ಟ್ಯಾಂಕು ಡ್ರೈವರನ ಸೀಟಿನ ಅಡಿಯಲ್ಲಿ. ಹಾಗಾಗಿ ಪ್ರತಿ ಸಲ ಪೆಟ್ರೋಲ್ ಹಾಕುವಾಗಲೂ ಅಪ್ಪ ಗದ್ದುಗೆ ಬಿಟ್ಟ ಅರಸನಂತೆ ಇಳಿದು ನಿಲ್ಲುತ್ತಿದ್ದರು. ಎದುರಿನ ದೀಪಗಳನ್ನು ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತಿತ್ತು. ಕತ್ತಲೆಯಲ್ಲಿ ರಿಪೇರಿ ಮಾಡುವ ಸಿಪಾಯಿಗೆಂದು ಮಾಡಿದ ಉಪಾಯ. ನಮ್ಮ ಮನೆಯಲ್ಲಿ ಅದೇ ಬೆಳಕಿನಲ್ಲಿ ಅಡಿಕೆ ಸುಲಿದದ್ದೂ ಉಂಟು.

1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿ ಬೇಕೆಂದಾಗ ಮೊದಲು ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪೆನಿ. ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳಿಗೆ. ಎರಡೂ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು. ಒಂದು ಕಂಪೆನಿಯ ಭಾಗ ಇನ್ನೊಂದರ ಜೀಪಿಗೆ ಹೊಂದಲೇಬೇಕು, ರಣರಂಗದಲ್ಲಿ ಕೆಟ್ಟು ನಿಂತ ಜೀಪಿನ ಅಂಗ ಕಳಚಿ ಇನ್ನೊಂದಕ್ಕೆ ಜೋಡಿಸುವಂತಿರಬೇಕು ಎಂಬುದು ಸೈನ್ಯದ ಲೆಕ್ಕ. ಫೋರ್ಡಿನವರು ಮಾತ್ರ ತಮ್ಮ ಬೋಲ್ಟುಗಳ ತಲೆಯ ಮೇಲೆ 'ಎಫ್' ಅಕ್ಷರ ಒತ್ತುವುದನ್ನು ಬಿಡಲಿಲ್ಲ. ನಮ್ಮ ವಿಲ್ಲೀಸ್ ಜೀಪಿನಲ್ಲಿಯೂ ಅಂಥ ಏಳೆಂಟು ಬೋಲ್ಟುಗಳಿವೆ. ಎಲ್ಲಿ, ಯಾವಾಗ ಆದ ಸಂಬಂಧವೋ!

ಅಸ್ಸಾಂ, ಬರ್ಮಾ ಗಡಿಯ ಯುದ್ಧಕ್ಕೆಂದು ಬಂದ ಜೀಪುಗಳಲ್ಲಿ ಎಷ್ಟೋ ಗಾಡಿಗಳು 1945ರ ಬಳಿಕ ಡಿಸ್ಪೋಸಲಿನಲ್ಲಿ ಮಾರಾಟವಾದವು. ನಮ್ಮದು ಯಾರ ಯಾರ ಕೈ ದಾಟಿತೋ, ಕೊನೆಗೆ ಮೂಡಿಗೆರೆ ಕಡೆಯ ಕಾಫಿ ತೋಟದವರೊಬ್ಬರಿಂದ ಅಪ್ಪನ ಕೈಗೆ ಬಂತು. ಅದಕ್ಕೆ ಆಯುಷ್ಯ ಕೊಟ್ಟದ್ದು ಮಾತ್ರ ಬೊಂಬಾಯಿ. ಅಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಕಂಪೆನಿ ಹುಟ್ಟಿತ್ತು. ಪಾಲುದಾರ ಗುಲಾಮ್ ಮಹಮ್ಮದ್ ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಿ, ಮೊದಲು ಹಣಕಾಸು ಮಂತ್ರಿ, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದ ಕಂಪೆನಿಯ ಹೆಸರು 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಅದು ವಿಲ್ಲೀಸಿನ ಜೀಪುಗಳನ್ನು ಮೊದಲು ಜೋಡಿಸಿತು, ಆಮೇಲೆ ತಾನೇ ತಯಾರಿಸಿತು, ಅದೇ ಕುಲದ ಜೀಪುಗಳನ್ನು ದಶಕಗಳ ಕಾಲ ಮಾರಿತು. ಅವಕ್ಕೆಂದು ಅಂಗಡಿಗೆ ಬಂದ ಮುಂದಿನ ಚಕ್ರದ ಬೇರಿಂಗು, ವಾಟರ್ ಪಂಪುಗಳು ಯುದ್ಧದ ಜೀಪಿಗೂ ಹೊಂದಿದವು. ಗೇರ್ ಬಾಕ್ಸು ಹೊಂದದು, ಸಿಲಿಂಡರ್ ಹೆಡ್ಡೂ ಬೇರೆ. ಅಲ್ಲೆಲ್ಲ ಮೇಸ್ತ್ರಿಯ ಕೈಚಳಕವೇ ಗತಿ. ನಮ್ಮ ಜಿಲ್ಲೆಯಲ್ಲಿ ಆ ಕೈಗಳಿಗೆ ಬರವಿರಲಿಲ್ಲ. ಮಂಗಳೂರಿನ ಸಿ.ಪಿ.ಸಿ. ಬಸ್ಸು ಕಂಪೆನಿ 1914ರಷ್ಟು ಹಿಂದಿನದು.

1974ರ ಜುಲೈ ತಿಂಗಳಿನಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ನುಗ್ಗಿತು. ಅಪ್ಪ ಜೀಪನ್ನು ನೀರಿಗಿಳಿಸಿದರು. ಮುದುಕರು, ಮಕ್ಕಳು, ಒಬ್ಬ ತುಂಬು ಬಸುರಿ, ಎಷ್ಟು ಸಲ ಹೋಗಿ ಬಂದರೋ ಲೆಕ್ಕವಿಲ್ಲ. ನೆರೆ ಇಳಿದ ಮೇಲೆ ಮೇಸ್ತ್ರಿ ಆಕ್ಸಲಿನ ಮುಚ್ಚಳ ತೆಗೆದರೆ ಹೊರಬಂದ ಆಯಿಲ್ ಕಡೆದ ಮಜ್ಜಿಗೆಯಂತೆ ಬೆಳ್ಳಗೆ! ನೀರು ಬೇರಿಂಗಿನವರೆಗೂ ಹೋಗಿತ್ತು. ನಾನು ಕಾಲೇಜಿಗೆ ಸೇರಿ ಇನ್ನೂ ತಿಂಗಳಾಗಿತ್ತಷ್ಟೆ. ನನ್ನ ಫೀಸಿಗೆಂದು ಅಮ್ಮ ತೆಗೆದಿರಿಸಿದ್ದ ಹಣ ಬೇರಿಂಗು, ಆಯಿಲ್ ಸೀಲು, ಕ್ಲಚ್ ಪ್ಲೇಟುಗಳಿಗೆ ಹೋಯಿತು. ನಾನು ಒಂದು ವರ್ಷ ಮನೆಯಲ್ಲಿ ಕುಳಿತೆ.

ಊರಿಗೆಲ್ಲ ಅಪ್ಪ ದೇವರಂತೆ ಕಂಡ ಆ ವರ್ಷ ನಾನು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಬೇಕಲ್ಲ. ಅಮ್ಮ ಏನೂ ಅನ್ನಲಿಲ್ಲ. ಜೀಪನ್ನು ಎಂದೂ ಬಿಡದ ಅಮ್ಮ ಅದಕ್ಕಾದ ಪ್ರತಿಯೊಂದು ಖರ್ಚನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂದಿನಿಂದ ಬರೆಯುತ್ತಾ ಬಂದಿದ್ದರು. ಆ ಆಗಸ್ಟಿನ ಪುಟದಲ್ಲಿ ಬೇರಿಂಗಿನ ಕ್ರಯದ ಎದುರು ನನ್ನ ಹೆಸರು ಬರೆದು ಅಡಿಗೆರೆ ಎಳೆದಿದ್ದಾರೆ. ಅದನ್ನು ನಾನು ನೋಡಿದ್ದು ಅಮ್ಮ ಹೋದ ಮೇಲೆ. ಆ ಸಾಲ ಯಾರದೆಂದು ಅಮ್ಮ ಬರೆದಿಟ್ಟಿದ್ದರು.

ಈಗ ತಮ್ಮ ಬೆಂಗಳೂರಿನಲ್ಲಿದ್ದಾನೆ. ಹಳೆಯ ಮಿಲಿಟರಿ ಜೀಪಿಗೆ ಒಳ್ಳೆಯ ಬೆಲೆಯುಂಟು, ಕೊಟ್ಟುಬಿಡೋಣ ಅಕ್ಕಾ ಎನ್ನುತ್ತಾನೆ. ಕೊಳ್ಳುವವರು ಅದಕ್ಕೆ ಹಸಿರು ಬಣ್ಣ ಬಳಿದು, ಬಾನೆಟ್ಟಿನ ಮೇಲೆ ನಕ್ಷತ್ರ ಬರೆಸುತ್ತಾರಂತೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ನೀವೂ ನೋಡಿರಬಹುದು, ಎಷ್ಟು ಚೆಂದ! ನಮ್ಮ ಜೀಪಿಗೆ ಅಂಥ ಚೆಂದವಿಲ್ಲ. ಆರು ವೋಲ್ಟು ಹೋಗಿ ಹನ್ನೆರಡು ವೋಲ್ಟಾಗಿದೆ, ಅರ್ಧ ಮೈ ಮಹೀಂದ್ರದ್ದು. ಅಸಲಿಯಲ್ಲವೆಂದು ಬೆಲೆ ಇಳಿಸುತ್ತಾರೆ ಎಂದು ತಮ್ಮನ ಚಿಂತೆ. ಅಮ್ಮನ ಪುಸ್ತಕ ನೋಡಿದ ಮೇಲೆ ನನಗೆ ಅನ್ನಿಸುವುದು, ಬದಲಾದ ಭಾಗಗಳೇ ನಮ್ಮವು, ಉಳಿದದ್ದು ಅಮೆರಿಕದವರದ್ದು.

ಮೊನ್ನೆ ಮತ್ತೆ ಬಿ.ಸಿ.ರೋಡಿಗೆ ಹೋದೆ. ಮೇಲ್ಸೇತುವೆ ಬಂದ ಮೇಲೆ ದಿಕ್ಕೇ ತಿಳಿಯುವುದಿಲ್ಲ. ಅಂಗಡಿಯಲ್ಲಿ ಮೊಮ್ಮಗನ ಪ್ರಾಯದ ಹುಡುಗ.

"ಯಾವ ಮಾಡೆಲ್ ಅಮ್ಮಾ?"

"ವಿಲ್ಲೀಸ್. ವೀಲ್ ನಟ್ಟು ಐದು. ಎಡದ್ದು."

ಹುಡುಗ ಕಂಪ್ಯೂಟರ್ ನೋಡಿ ಇಲ್ಲವೆಂದ. ಒಳಗಿನಿಂದ ಯಾರೋ ಹಿರಿಯರ ದನಿ ಬಂತು: "ಮೇಲಿನ ಅಟ್ಟೆಯಲ್ಲಿ ಉಂಟು, ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ನೋಡು ಮಾರಾಯ."

ಮನೆಗೆ ಬಂದು ಒಂದೊಂದನ್ನೇ ಎಡಕ್ಕೆ ತಿರುಗಿಸಿದೆ. ನಾಲ್ಕು ಕೂತವು. ಐದನೆಯದು ಬಲದ್ದು. ನಾಲ್ಕರ ಕ್ರಯವನ್ನು ಅಮ್ಮನ ಪುಸ್ತಕದಲ್ಲಿ ಬರೆದು, ಆ ಒಂದನ್ನು ಬದಲಾಯಿಸಲು ಚೀಲಕ್ಕೆ ಹಾಕಿಟ್ಟಿದ್ದೇನೆ.